ರಬ್ಬರ್ ತರಬೇಡಿ

ಕೂತುಕೊಳ್ಳಿ. ಮೂರು ಫ್ಯಾನಿನಲ್ಲಿ ಎರಡು ತಿರುಗುತ್ತಿವೆ,
ಅಂದರೆ ಶೇಕಡ ಅರವತ್ತಾರು, ಫಸ್ಟ್ ಕ್ಲಾಸು.
ಕೆಟ್ಟ ಫ್ಯಾನಿನ ಕೆಳಗೆ ಕೂತವರಿಗೆ ಮಾತ್ರ
ಅದು ಸೊನ್ನೆ.

ಪುಸ್ತಕ ಆಮೇಲೆ. ಮೊದಲು ಮಂಡಕ್ಕಿ.
ಅಜ್ಜಿ ಹೇಳುತ್ತಿದ್ದಳು, ಅನ್ನ ಬೆಂದಿದೆಯೇ ನೋಡಲು
ಒಂದು ಅಗುಳು ಹಿಸುಕು, ಸಾಕು ಎಂದು.
ನಿಜ, ಒಂದೇ ನೀರಿನಲ್ಲಿ ಒಂದೇ ಕುದಿ ಕುದ್ದ ಅನ್ನಕ್ಕೆ.
ಚೀಲದ ಮಂಡಕ್ಕಿ ಹಾಗಲ್ಲ.
ಮೇಲೆ ಮಲ್ಲಿಗೆ ಮೊಗ್ಗಿನಂಥ ಅರಳು,
ತಳದಲ್ಲಿ ಅರಳದ ಕಾಳು, ನುಚ್ಚು, ಭಟ್ಟಿಯ ಮರಳು.
ಕೊಳ್ಳುವವನ ಕೈ ಹೋಗುವುದು ಮೇಲಕ್ಕೇ,
ಮಾರುವವನಿಗೆ ಅದು ಗೊತ್ತು.
ತೋಳು ಮುಳುಗುವ ತನಕ ಇಳಿಸಿ, ಕಣ್ಣು ಮುಚ್ಚಿ
ಹಿಡಿದ ಹಿಡಿಗೆ ನಮ್ಮ ಶಾಸ್ತ್ರದಲ್ಲೊಂದು ಹೆಸರಿದೆ:
ಯಾದೃಚ್ಛಿಕ ಮಾದರಿ. ಪರೀಕ್ಷೆಗೆ ಹೆಸರು ಬರೆದುಕೊಳ್ಳಿ,
ಬದುಕಿಗೆ ಮಂಡಕ್ಕಿ.

ನಿಮ್ಮ ವಯಸ್ಸಿನಲ್ಲಿ, ಈ ದಾವಣಗೆರೆಯಲ್ಲೇ,
ಎದೆಗೆ ಪ್ಯಾಡು ಒತ್ತಿಕೊಂಡು ನಾನೂ ಭಟ್ಟಿ ಭಟ್ಟಿ ಅಲೆದೆ.
ಪ್ರಶ್ನೆ ಹದಿನಾಲ್ಕು: ದಿನಕ್ಕೆ ಎಷ್ಟು ಗಂಟೆ ಹೊಗೆಯ ಮುಂದೆ?
ಜೈತುನ್ ಬಿ ಜರಡಿ ನಿಲ್ಲಿಸದೆ ಅಂದಳು,
"ಗಂಟಿ ಯಾರ್ ನೋಡ್ತಾರಪ್ಪ?
ಹತ್ತು ಚೀಲಕ್ಕ ಚಾ, ಇಪ್ಪತ್ತಾದ್ರ ಮನಿ."
ನನ್ನ ಹಾಳೆಯಲ್ಲಿ ಚೀಲಕ್ಕೆ ಜಾಗವಿರಲಿಲ್ಲ.
ಚೌಕವೊಂದಿತ್ತು, ಖಾಲಿ. ಬಸ್ಸಿಗೆ ಹೊತ್ತಾಗಿತ್ತು.
ಎಂಟು ಎಂದು ಬರೆದೆ.
ಎಂಟು ಸಭ್ಯ ಅಂಕಿ, ಯಾರೂ ಅನುಮಾನಿಸುವುದಿಲ್ಲ.

ಗೊತ್ತಿಲ್ಲ ಎನ್ನುವುದಕ್ಕೂ ಒಂದು ಅಂಕಿಯಿದೆ, ತೊಂಬತ್ತೊಂಬತ್ತು.
ಅದನ್ನು ಬರೆಯಲು ಎದೆಗಾರಿಕೆ ಬೇಕು,
ಲೆಕ್ಕದ ದಿನ ಅದನ್ನು ಹೊರಗಿಡಲು ನೆನಪೂ ಬೇಕು,
ಇಲ್ಲದಿದ್ದರೆ ಸರಾಸರಿಯ ನಡುವೆ
ದಿನಕ್ಕೆ ತೊಂಬತ್ತೊಂಬತ್ತು ಗಂಟೆ ದುಡಿದ ಹೆಂಗಸೊಬ್ಬಳು
ಬಂದು ಕೂತುಬಿಡುತ್ತಾಳೆ.

ಒಂದರಿಂದ ಐದರೊಳಗೆ ಹೇಳಿ,
ಈ ಕೆಲಸ ನಿಮಗೆಷ್ಟು ತೃಪ್ತಿ ಎಂದು
ಬುಡೇನ್ ಸಾಬರನ್ನು ಕೇಳಿದ್ದೂ ನಾನೇ.
ಅವರು ಅತ್ತ ಇತ್ತ ನೋಡಿದರು.
"ಮಾಲಕ ಇದ್ರ ಐದು."
ಮುಂದಿನದನ್ನು ಹೇಳಲಿಲ್ಲ, ನಾನೂ ಐದಕ್ಕೇ ಸುತ್ತು ಹಾಕಿದೆ.

ಇನ್ನೂರ ಹನ್ನೆರಡು ಹಾಳೆ.
ಕಂಪ್ಯೂಟರು ಒಂದು ಬೆಳಗಿನ ಜಾವ ಹೇಳಿತು:
ಐದು ವರ್ಷ ದುಡಿದವರಿಗಿಂತ
ಹದಿನೈದು ವರ್ಷ ದುಡಿದವರಿಗೆ ಕೆಮ್ಮು ಕಮ್ಮಿ.
ಪಿ ಮೌಲ್ಯ ಪಾಯಿಂಟ್ ಸೊನ್ನೆ ಒಂದು,
ಕುರ್ಚಿಯಿಂದ ಎದ್ದೇಬಿಟ್ಟೆ.
ಹೊಗೆಗೆ ದೇಹ ಒಗ್ಗುತ್ತದೆ ಎಂದು ನಾಲ್ಕು ಪುಟ ಬರೆದೆ,
ಅಡಿಟಿಪ್ಪಣಿ ಸಮೇತ.

ಅದನ್ನು ಓದಿ ಹೇಳಲು ಹೋದದ್ದು ನನ್ನ ಪುಣ್ಯ.
ಜೈತುನ್ ಬಿ ಮೊದಲ ಸಲ ಜರಡಿ ಕೆಳಗಿಟ್ಟಳು.
"ಕೆಮ್ಮೋರು ಇಲ್ಲಿಗ್ಯಾಕ್ ಬರ್ತಾರ?
ನಮ್ಮಕ್ಕ ಮನ್ಯಾಗ ಅದಾಳ. ಆಕೀನ್ ಕೇಳ್ದೇನು?"

ಕೇಳಿರಲಿಲ್ಲ.
ಭಟ್ಟಿಯಿಂದ ಆ ಬಾಗಿಲಿಗೆ ಎಂಬತ್ತಾರು ಹೆಜ್ಜೆ.
ಆ ವರ್ಷ ನಾನು ಎಣಿಸಿದ್ದರಲ್ಲೆಲ್ಲ
ಇವತ್ತಿಗೂ ಆಣೆ ಮಾಡಿ ಹೇಳಬಲ್ಲದ್ದು ಅದೊಂದೇ.

ನಾಳೆ ಬೆಳಗಿನ ಐದಕ್ಕೆ ಆಜಾದ್ ನಗರದ ಮೂಲೆಯಲ್ಲಿ ಸಿಗಿ.
ಪೆನ್ನು ಎರಡು, ಒಂದು ಬಾಟಲಿ ನೀರು.
ಪೆನ್ಸಿಲ್ ಬೇಡ. ರಬ್ಬರ್ ತರಬೇಡಿ.
ತಪ್ಪಿದ್ದನ್ನು ಒಂದೇ ಗೆರೆಯಲ್ಲಿ ಹೊಡೆಯಿರಿ,
ಕೆಳಗೆ ಏನಿತ್ತೆಂದು ಕಾಣುವ ಹಾಗೆ.
ತಿಪ್ಪೇಶಿ, ನಗಬೇಡ, ಮೊದಲು ಎಂಟು ಬರೆಯುವವನು ನೀನೇ.

ಸರಿ, ಹಾಜರಿ.
ಪಟ್ಟಿಯಲ್ಲಿ ನಲವತ್ತೊಂದು, ಮುಂದೆ ಕೂತವರು ಮೂವತ್ತಾರು.
ಪಾಠ ಹೇಗಿತ್ತು ಎಂದು ನಿಮ್ಮನ್ನು ಕೇಳುವುದಿಲ್ಲ.
ಉಳಿದ ಐವರ ಮನೆ
ಯಾರಿಗೆ ಗೊತ್ತು?