ವಾಡಿಯಲ್ಲಿ ಎಂಜಿನ್ ಬದಲಿ

ರೈಲ್ವೆ ಇನ್‌ಸ್ಟಿಟ್ಯೂಟಿನ ಕೇರಂ ಬೋರ್ಡು ಗೋಡೆಗೆ ಆನಿಸಿ
ಶಹಾಬಾದಿ ಫರಸಿಯ ಮೇಲೆ ನಮ್ಮ ಇಂಗ್ಲಿಷ್ ಕ್ಲಾಸು.
ಸಿಮೆಂಟಿನ ಧೂಳು ಒರೆಸಿ ತಾಸಾಗಿರುವುದಿಲ್ಲ,
ಬೆರಳಿಟ್ಟರೆ ಮತ್ತೆ ಅಕ್ಷರ ಮೂಡುತ್ತದೆ.
ವಾಡಿಯಲ್ಲಿ ಕರಿಹಲಗೆ ಬೇಕೇ ಬೇಕು ಅಂತೇನಿಲ್ಲ.

ಪಾರ್ಸಲ್ ಆಫೀಸಿನ ನಸೀಮ್ ಬಾನು,
ಇಡ್ಲಿ ಸ್ಟಾಲಿನ ಯಂಕೋಬ,
ನಿದ್ದೆ ಮಾಡಲಿಕ್ಕೆಂದೇ ಬರುವ ಅವನ ತಮ್ಮ,
ಬಡ್ತಿ ಪರೀಕ್ಷೆಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ
ಪಾಯಿಂಟ್ಸ್‌ಮನ್ ಸಾಯಬಣ್ಣ.
ಐದನೆಯವಳು ನಾನೇ, ಹಾಜರಿ ತುಂಬಲಿಕ್ಕೆ.

ಐ ಆ್ಯಮ್ ಅಫ್ರೇಡ್ ದ್ಯಾಟ್, ಐ ಆ್ಯಮ್ ಶ್ಯೂರ್ ದ್ಯಾಟ್
ಎಂದು ಶುರುಮಾಡಿದೆನೋ ಇಲ್ಲವೋ, ನಸೀಮ್ ಬಾನು ಕೈ ಎತ್ತಿದಳು:
‘ಇದು ಉಲ್ಟಾ ಅದರಿ ಅಕ್ಕೋರೆ.
ನಮ್ಮನ್ಯಾಗ ಬೋಲ್ಕೆ ಅಂದ್ರೂ, ನಿಮ್ಮನ್ಯಾಗ ಅಂತ ಅಂದ್ರೂ
ಮೊದಲ ಸುದ್ದಿ, ಆಮ್ಯಾಗ ಅಂಜಿಕಿ.
ಇವ್ರು ಮೊದಲೇ ಅಂಜಿ ಕುಂತು
ಆಮ್ಯಾಗ ಯಾಕಂತ ಹೇಳ್ತಾರ.’

‘ಇಲ್ಲಿ ಎಂಜಿನ್ ಬದ್ಲಿ ಆಗ್ತದಲ್ರಿ, ಹಾಂಗ,’
ಅಂದ ಸಾಯಬಣ್ಣ. ‘ಡಬ್ಬಿ ಅವೇ, ಕೊಂಡೀನೂ ಅದೇ.
ಎಂಜಿನ್ ಬಿಚ್ಚಿ ಆ ತುದೀಗಿ ಹಚ್ಚಿದ್ರ
ಬಾಲ ಇದ್ದದ್ದು ತಲಿ ಆಗ್ತದ.’
ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ನನಗೆ ಹೊಳೆದಿರಲಿಲ್ಲ.

ಆಮೇಲೆ ಕ್ರಿಯಾಪದಗಳು. ಗೆಟ್ ಇನ್, ಗೆಟ್ ಆಫ್, ಗೆಟ್ ಓವರ್, ಗೆಟ್ ಅವೇ.
‘ಗೆಟ್ಟು ಒಂದೇ, ಹಿಂದಿಂದು ಬದಲಾದ್ರ ಊರೇ ಬ್ಯಾರೆ!’ ಯಂಕೋಬ ನಕ್ಕ.
ನಮ್ಮಲ್ಲಿಲ್ಲವೇ, ಅಂದೆ.
ಕೈ ಹಿಡಿ, ಕೈ ಬಿಡು, ಕೈ ಕೊಡು.
ಹೋದ ಬೇರೆ, ಹೋಗಿಬಿಟ್ಟ ಬೇರೆ.
ಗೂಡ್ಸು ಗಾಡಿಯೊಂದು ದಾಟುವತನಕ ಯಾರೂ ಮಾತಾಡಲಿಲ್ಲ.

ಒಂದು ಭಾವ, ಒಂದು ದ್ಯಾಟ್, ಬಾಲವಿರುವ ಒಂದು ಕ್ರಿಯಾಪದ,
ಇಷ್ಟು ಸೇರಿಸಿ ಒಂದೇ ವಾಕ್ಯ ಬರೆದು ತನ್ನಿ ಎಂದಿದ್ದೆ.
ಯಂಕೋಬನಿಗೆ ಗ್ಯಾಸ್ ಮುಗಿದ ಸಿಟ್ಟು.
ನಾನೂರು ಪಾರ್ಸಲ್ ಕಾಯುವ ಹೆಮ್ಮೆ ನಸೀಮ್ ಬಾನುವಿಗೆ.
ಸಾಯಬಣ್ಣನ ಹಾಳೆ ಹಳೆಯ ಡ್ಯೂಟಿ ಪಟ್ಟಿಯ ಹಿಂಬದಿ:
ಐ ಆ್ಯಮ್ ಗ್ಲ್ಯಾಡ್ ದ್ಯಾಟ್ ಮೈ ಸಿಸ್ಟರ್ ರ್‍ಯಾನ್ ಅವೇ.

ಗ್ಲ್ಯಾಡ್ ಕೆಳಗೆ ಪೆನ್ಸಿಲ್ ಇಟ್ಟೆ.
‘ಸ್ಯಾಡ್ ಅಲ್ಲೇನು?’
‘ಅಲ್ರಿ. ನೋಡೇ ಬರದೀನಿ.’

ಮಿಕ್ಕವರು ಹೋದ ಮೇಲೆ ಹೇಳಿದ.
ತುಳಜವ್ವ. ಮುಂಗೈ ತುಂಬ ಬೀಡಿ ಸುಟ್ಟ ಕಲೆ.
ರಾತ್ರಿ ಎರಡೂವರೆ ಗಾಡಿಯ ಕಡೇ ಡಬ್ಬಿ, ಬರಿಗಾಲು.
‘ನಾ ಕಂಡೆ. ಆಕೀನೂ ಕಂಡ್ಲು.
ಕೈಯಾಗ ಹಸರ ದೀಪ ಇತ್ತು, ತೋರಿಸಿದೆ.

ಕನ್ನಡದಾಗ ಹೇಳ್ಲಾಕ ಬರಲ್ರಿ ಇದು.
ತಂಗಿ ಓಡಿಹೋದ್ಲು ಅಂತ... ಅನ್ನೂದ್ರಾಗೇ
ಅವ್ವ ಎದಿ ಬಡ್ಕೋತಾಳ, ಕಾಕಾ ಬಡಿಗಿ ಹುಡುಕ್ತಾನ.
ಖುಷಿ ಅನ್ನೂತನಾ ಗಾಡಿ ಬರೂದೇ ಇಲ್ಲ.
ಇದ್ರಾಗ ಗ್ಲ್ಯಾಡ್ ಮುಂದ ಅದ.
ಮೊದಲ ಅದು ದಾಟಿಬಿಡ್ತದ.’

ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ.
ಆದರೂ ರ್‍ಯಾನ್ ಹೊಡೆದು ಮೇಲೆ ಗಾಟ್ ಎಂದು ಬರೆದೆ.

‘ಅವೇ ಹಾಂಗೇ ಇರ್ತದ?’
ಹಾಗೇ ಇರುತ್ತದೆ, ಅಂದೆ. ಓಡಿಹೋದವಳ ಹಿಂದೆ
ಬೆರಳು ಮಾಡುವ ಓಣಿಯೊಂದು ಇದ್ದೇ ಇರುತ್ತದೆ.
ಇದರಲ್ಲಿ ಇಲ್ಲ. ಇದು, ಪಾರಾದಳು.

ತುಟಿಯೊಳಗೇ ಎರಡು ಸಲ ಓದಿಕೊಂಡ.
ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಯೋಚಿಸಿ, ಐದನೆಯದೂ ಮಾಡಿ
ಅಂಗಿಯ ಒಳಜೇಬಿಗೆ ಇಟ್ಟ.

ಹೊರಗೆ ಮೂರು ಭಾಷೆಯಲ್ಲಿ ಧ್ವನಿವರ್ಧಕ:
ಗಾಡಿ ನಲವತ್ತು ನಿಮಿಷ ತಡ, ಅದಕ್ಕೆ ವಿಷಾದ.
ಮೂಲೆಯಲ್ಲಿ ಮರೆತು ಹೋಗಿದ್ದ ಯಂಕೋಬನ ತಮ್ಮ
ಕಣ್ಣುಜ್ಜಿಕೊಂಡು ಎದ್ದು ಕೂತು ಕೇಳಿದ:
‘ಇದ್ರಾಗ ದ್ಯಾಟ್ ಎಲ್ಲಿ ಬಂತ್ರಿ ಅಕ್ಕೋರೆ?’