ಕರ್ತೃಪದ

ಚೌಕಿಪೇಟೆಯ ಮೆಟ್ಟಿಲ ಕೆಳಗಿನ ನಮ್ಮ ಅಂಗಡಿಗೆ
ಮುನಾಫ್ ಸಾಹೇಬರು ಬರುವುದು
ಅಶೋಕ ರಸ್ತೆಯ ಗೇಟು ಬಿದ್ದು ಎದ್ದ ಮೇಲೆ,
ಹತ್ತೂಮುಕ್ಕಾಲಿಗೆ.
ಕಂಕುಳಲ್ಲಿ ಗೋಧಿಹಿಟ್ಟಿನ ಚೀಲ,
ಚೀಲದೊಳಗೆ ಯುದ್ಧ.

ಇಪ್ಪತ್ತಾರು ವರ್ಷ ಹೊರದೇಶದಿಂದ ಸುದ್ದಿ ಕಳಿಸಿದ ಕೈ.
ಬಸ್ರಾ, ಬೈರೂತ್, ಆಮೇಲೆ
ನನ್ನ ನಾಲಿಗೆಗೆ ಹೊರಳದ ಊರುಗಳು.
ಈಗ ಪುಸ್ತಕ ಬರೆಯುತ್ತದೆ. ಅಕ್ಷರವೋ,
ಸಂತೆಗೆ ಹೊರಟ ಇರುವೆ ಸಾಲು.
ಟೈಪು ಮಾಡುವವಳು ನಾನು, ಪುಟಕ್ಕೆ ಹದಿನೆಂಟು ರೂಪಾಯಿ.
ತಿದ್ದುಪಡಿ ಪುಕ್ಕಟೆ ಅಂದುಬಿಟ್ಟಿದ್ದೆ,
ಅದೇ ತಪ್ಪಾಯಿತು.

ಮೊದಲನೆಯದು ಬರ್ಮಾ ಕಾಡಿನ ಹೇಸರಗತ್ತೆಗಳದು.
ಶತ್ರುವಿಗೆ ಕೇಳಬಾರದೆಂದು
ಗಂಟಲು ಕೊಯ್ದು ಅವುಗಳ ದನಿ ತೆಗೆದಿದ್ದರಂತೆ.
ಆ ಪುಟ ಒತ್ತಿದ ದಿನ
ಮನೆಯಲ್ಲಿ ನಾನು ಯಾರಿಗೂ ಜೋರು ಮಾಡಲಿಲ್ಲ.

ಎರಡನೆಯದು ರೇಷನ್ನಿನದು.
ಎಲ್ಲೋ ಸಮುದ್ರದಾಚೆ ಫಿರಂಗಿ ಹಾರಿದರೆ
ಇಲ್ಲಿ ಸೀಮೆಎಣ್ಣೆಯ ಬುಡ್ಡಿ ಹೇಗೆ ಒಣಗುತ್ತದೆ ಅಂತ.
ನೂರಾ ಹನ್ನೆರಡು ಪ್ರತಿ ಖರ್ಚಾದವು,
ಮಿಕ್ಕವು ಅವರ ಮಂಚದ ಕೆಳಗೆ.

ಮೂರನೆಯದು ಈಗಿನದು.
ತಾವೇ ಕಳಿಸಿದ ಹಳೆಯ ವರದಿಗಳನ್ನು ಮುಂದಿಟ್ಟುಕೊಂಡು
ತಮಗೇ ಪಾಟೀಸವಾಲು.
‘ಹನ್ನೊಂದು ಮಂದಿ ಹತರಾದರು’ ಎಂದು ಒತ್ತಿದೆ.
ಮೂಗು ಪರದೆಗೆ ತಾಗುವಷ್ಟು ಬಗ್ಗಿದರು.
“ಹತರಾಗೋದು ಅಂದ್ರೇನು ಕೊಟ್ರಮ್ಮ?
ಕಾಯಿ ಹಣ್ಣಾಗುತ್ತೆ, ಹಾಲು ಮೊಸರಾಗುತ್ತೆ, ಹೊತ್ತಾಗುತ್ತೆ.
ಮನುಷ್ಯ ಹಂಗೇ ತನ್ನಷ್ಟಕ್ಕೆ ಹತ ಆಗ್ತಾನಾ?
ಕೊಂದೋರು ಯಾರು? ಕರ್ತೃಪದ ಎಲ್ಲಿ?”
“ನೀವೇ ಬರೆದದ್ದು ಸಾರ್.”
“ಅದನ್ನೇ ಹೇಳ್ತಿರೋದು.”

ಅವತ್ತಿನಿಂದ ಇಬ್ಬರೂ ಕೂತು
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿದೆವು.
ಸೇತುವೆ ನಾಶವಾಯಿತು. ಹಳ್ಳಿ ತೆರವಾಯಿತು.
ಶಾಂತಿ ಸ್ಥಾಪನೆಯಾಯಿತು.
ಕೆಲವಕ್ಕೆ ಹೆಸರು ಸಿಕ್ಕಿತು, ಇಂಥ ದಳ, ಇಂಥ ಕ್ಯಾಪ್ಟನ್.
ಸಿಗದ ಕಡೆ ಅವರು ಬರೆಸಿದ್ದು:
‘ನಾನು ಕೇಳಲಿಲ್ಲ. ಹೋಟೆಲಿನ ಫೋನು ಆರಕ್ಕೆ ನಿಲ್ಲುತ್ತಿತ್ತು.’
ಮೂವತ್ತೊಂದು ಸಲ ಬರುತ್ತದೆ ಈ ಮಾತು.
ಓದುವವರಿಗೆ ಬೇಜಾರಾಗುತ್ತೆ ಸಾರ್, ಅಂದೆ.
ಆಗಲಿ, ಅಂದರು.
ಅಂದವರೇ ನಕ್ಕರು, ಅಲ್ಲೂ ಬಂದು ಕೂತಿತ್ತಲ್ಲ
ಆ ಹಾಳು ಕ್ರಿಯಾಪದ.

ಇನ್ನೂರ ಏಳನೇ ಪುಟ.
ಅಡ್ಡಗೆರೆ ಎಳೆದು, ಅದರ ಮೇಲೆ ಇನ್ನೊಂದು ಎಳೆದು,
ಆದರೂ ಓದಬಹುದಿತ್ತು;
ಹೊಸಕಿದರೂ ಇರುವೆ ಇರುವೆಯೇ.

‘ಮೊದಲ ಸಲ ಗುಂಡಿನ ಸದ್ದು ಕೇಳಿದ ರಾತ್ರಿ
ನನಗೆ ಹೆದರಿಕೆ ಬರಲಿಲ್ಲ.
ಅಬ್ಬಾನ ಮಂಡಕ್ಕಿ ಭಟ್ಟಿ ನೆನಪಿಗೆ ಬಂತು,
ಕಾದ ಮರಳಲ್ಲಿ ಅಕ್ಕಿ ಅರಳುವ ಸದ್ದು.
ಕಿಟಕಿ ತೆರೆದೇ ಮಲಗಿದೆ. ಒಳ್ಳೆಯ ನಿದ್ದೆ.
ಬೆಳಿಗ್ಗೆ ಎಣಿಸಲು ಹೋದೆ.
ಹನ್ನೊಂದು.’

ಸಂಜೆ ಅಂಗಡಿಗೆ ಖಾರಮಂಡಕ್ಕಿ, ಮೆಣಸಿನಕಾಯಿ ತರಿಸಿದರೆ
ಅವರು ಮೆಣಸಿನಕಾಯಿ ಮಾತ್ರ ತಿನ್ನುತ್ತಾರೆ.
ಹಲ್ಲಿಲ್ಲದ್ದಕ್ಕೆ ಅಂದುಕೊಂಡಿದ್ದೆ, ಇಷ್ಟು ವರ್ಷ.
ಆಜಾದ್ ನಗರದಲ್ಲೇ ಮನೆ, ಭಟ್ಟಿಗಳ ಸಾಲು ಬಿಟ್ಟು
ಸುತ್ತು ಬಳಸಿ ಬರುತ್ತಾರೆ. ವ್ಯಾಯಾಮ, ಅನ್ನುತ್ತಾರೆ.

“ಇದನ್ನ ಬಿಡಲಾ ಸಾರ್?”
“ಗೆರೆ ಎಳೆದಿದೆಯಲ್ಲ.”
“ಹಾಗಾದರೆ ಕೆಳಗೊಂದು ಟಿಪ್ಪಣಿ ಹಾಕ್ತೀನಿ:
‘ಇಲ್ಲಿ ಒಂದು ಪ್ಯಾರಾ ಹೊಡೆದುಹಾಕಲಾಗಿದೆ.’”

ಉತ್ತರವಿಲ್ಲ.
ಹೊರಗೆ ಗೇಟು ಮತ್ತೆ ಬಿತ್ತು. ಗೂಡ್ಸು ಗಾಡಿ, ಉದ್ದದ್ದು,
ಗಾಜಿನ ಲೋಟದ ಚಹಾ ನಡುಗುತ್ತಲೇ ಇತ್ತು.
ಕಡೇ ಡಬ್ಬಿ ದಾಟಿದ ಮೇಲೆ
ಪೆನ್ನು ಕೊಡು, ಅಂದರು.

ಅವರ ಜೇಬಿನಲ್ಲೇ ಇತ್ತು.