ಎಡಗಡೆಯ ಹಿಂಬಾಗಿಲು

ಇಪ್ಪತ್ತಾರು ವರ್ಷ ಅಪ್ಪ ಕೂರಿಸಿದ್ದು ಒಂದೇ ಬಾಗಿಲು.
ಎಡಗಡೆಯದು, ಹಿಂದಿನದು.
ಸ್ವಾರ್ಟ್‌ಕಾಪ್ಸ್ ಹೊಳೆಯ ಪಕ್ಕದ ಕಾರ್ಖಾನೆಯಲ್ಲಿ
ಬೆಲ್ಟು ಸರಿದಂತೆ ಬರುತ್ತಿತ್ತು ಬಾಗಿಲಿಲ್ಲದ ಕಾರು.
ಎರಡು ಕೀಲು, ನಾಲ್ಕು ಬೋಲ್ಟು,
ಸಂದು ಮೂರೂವರೆ ಮಿಲಿಮೀಟರು;
ಕೂದಲೆಳೆ ಆಚೀಚೆಯಾದರೆ ಮೇಸ್ತ್ರಿಯ ಸೀಟಿ.

ಬಲಗಡೆಯ ಬಾಗಿಲು ಯಾರದು ಅಂತ ಕೇಳಿದರೆ
‘ಯಾರೋ ವುಯಾನಿ ಅಂತ.
ಮುಖ ಸರಿಯಾಗಿ ನೋಡಿಲ್ಲ,
ನಡುವೆ ಯಾವಾಗಲೂ ಒಂದು ಕಾರು’ ಅನ್ನುತ್ತಿದ್ದ.

ಈಗ ರೋಸ್‌ಡೇಲಿನ ಅಡುಗೆಮನೆಯ ಮೇಜು,
ಹಾಸಿದ ಹಳೇ ಪೇಪರು,
ಕನ್ನಡಕದ ಮೇಲೊಂದು ಭೂತಗನ್ನಡಿ.
ಗೇಣಿಗಿಂತ ತುಸು ಮೋಟಾದ ಪ್ಲಾಸ್ಟಿಕ್ ಕಾರು,
ನಿಜದ್ದರ ಇಪ್ಪತ್ನಾಲ್ಕರಲ್ಲೊಂದು ಪಾಲು.
ಡಬ್ಬಿಯ ಮೇಲಿನ ಚಿತ್ರದಲ್ಲಿ
ನಾಲ್ಕು ಬಾಗಿಲಿನ ಸಂಸಾರಸ್ಥ ಸೆಡಾನ್.
‘ಇದನ್ನ ಇದ್ದ ಹಾಗೇ ಕಟ್ಟೋಕೆ ನಾನ್ಯಾಕೆ?’

ಮೊದಲು ಕೊಯ್ದದ್ದು ಚಾವಣಿ.
ಕಂಬಕ್ಕೆ ಮೂರು ಮಿಲಿಮೀಟರಿನಂತೆ ತೆಗೆದು ಇಳಿಸಿದ.
ಕಂಬಗಳೋ ಓರೆ.
ಇಳಿಸಿದ್ದೇ ತಡ, ತುದಿಗೆ ತುದಿ ಮುಟ್ಟವು.
‘ತಗ್ಗಿದರೆ ಸಾಲದು, ಹಿಗ್ಗಬೇಕು’ ಅಂತ
ಚಾವಣಿಯನ್ನೇ ನಡುವೆ ಸೀಳಿ
ಒಂದು ಪಟ್ಟಿ ಬೆಸೆದ.
ಒಲೆಯ ಕಡೆಯಿಂದ ಅಮ್ಮ:
‘ಬಚ್ಚಲುಮನೆ ಸೋರ್ತಿದೆ ಎವರಾರ್ಡ್.
ಅದಕ್ಕೂ ಒಂದು ಚಾವಣಿ ಇದೆ.’

ಆಮೇಲೆ ಬಾಗಿಲು.
ಎಡಗಡೆಯದು, ಹಿಂದಿನದು.
ಹಿಡಿಕೆಯನ್ನು ಬ್ಲೇಡಿನಿಂದ ಹೆರೆದ,
ಸಂದಿನ ಗೆರೆಗೆ ಪುಟ್ಟಿ ಮೆತ್ತಿದ.
ನಾನು ನಕ್ಕೆ. ಅವನು ನಗಲಿಲ್ಲ.

ಕ್ಯಾಲೆಡನ್ ಬೀದಿಯಲ್ಲಿ ನನ್ನದು ಉಗುರಿನ ಅಂಗಡಿ.
ಅರಗಳು ಅಲ್ಲಿ ಕಾಣೆಯಾಗಿ
ಇಲ್ಲಿ ಸಿಗುತ್ತವೆ, ಬೂದು ಹಿಟ್ಟು ಮೆತ್ತಿಕೊಂಡು.
ನಾನೂರು, ಎಂಟುನೂರು, ಸಾವಿರದಿನ್ನೂರು,
ನೀರಲ್ಲಿ ಅದ್ದಿದ ಮರಳುಕಾಗದದಿಂದ
ಮಗುವಿನ ಬೆನ್ನು ತಿಕ್ಕುವ ಹಾಗೆ ತಿಕ್ಕಿದ.
ಪ್ರೈಮರು ಹೊಡೆದು ಮಲಗಿದ.

ಬೆಳಿಗ್ಗೆ ನೋಡಿದರೆ ಗೆರೆ ಎದ್ದಿತ್ತು,
ದಿಂಬಿನ ನಿರಿಗೆ ಕೆನ್ನೆಯ ಮೇಲೆ ಉಳಿದ ಹಾಗೆ.
ಪುಟ್ಟಿ ಒಣಗುತ್ತಾ ಕುಗ್ಗುತ್ತದಂತೆ.
ತುಂಬಿದ, ತಿಕ್ಕಿದ, ಮತ್ತೆ ಎದ್ದಿತು.
ಮೂರನೆಯ ಬೆಳಿಗ್ಗೆಯೂ ಅಲ್ಲೇ ಇತ್ತು
ಪಾಳಿಗೆ ತಪ್ಪದೆ ಹಾಜರಾಗುವವನಂತೆ.

ನಾಲ್ಕನೆಯ ಸಲ ನನ್ನ ಅಸಿಟೋನು ಕೇಳಿದ.
ಬಿಡಿಭಾಗ ಮುರಿದುಕೊಂಡ ಮೇಲೆ
ಉಳಿದ ಕಡ್ಡಿಗಳನ್ನು ಸೀಸೆಯಲ್ಲಿ ಹಾಕಿಟ್ಟ.
ರಾತ್ರಿ ಕಳೆಯುವಷ್ಟರಲ್ಲಿ ಅಂಬಲಿ.
‘ಹೊರಗಿನ ಮಣ್ಣು ಕುಗ್ಗುತ್ತೆ ಕಣೆ,
ಅದರದೇ ಮಾಂಸ ಕೊಡಬೇಕು.’
ಗೆರೆ ಮತ್ತೆ ಏಳಲಿಲ್ಲ.

ಬಣ್ಣವೂ ನನ್ನ ಅಂಗಡಿಯದೇ.
ಯಾರೂ ಕೊಳ್ಳದೆ ಉಳಿದ ಐದು ಸೀಸೆ,
ಅತಿಯಾಗಿ ಮಾಗಿದ ಪ್ಲಮ್ಮಿನ ಬಣ್ಣ.
ತೆಳುವಾಗಿ, ಲೇಪದ ಮೇಲೆ ಲೇಪ, ಹನ್ನೊಂದು.
ಕಾರಿನ ಮಗ್ಗುಲಲ್ಲಿ ಅಡುಗೆಮನೆಯ ಕಿಟಕಿ,
ಅದರೊಳಗೆ ಅಮ್ಮ, ಉದ್ದಕ್ಕೆ ಎಳೆದ ಹಾಗೆ.

‘ಹೆಬ್ಬೆರಳು ಓಡಿಸಿ ನೋಡು’ ಅಂದ.
ಓಡಿಸಿದೆ. ಜಾರಿ ಕೊನೆ ಮುಟ್ಟಿತು,
ಎಲ್ಲೂ ತಡೆಯಲಿಲ್ಲ.
ಅವನದು ಮಾತ್ರ ಪ್ರತಿ ಸಲ
ಒಂದೇ ಜಾಗದಲ್ಲಿ ನಿಲ್ಲುತ್ತದೆ.
ಏನಿದೆ ಅಲ್ಲಿ? ಕೇಳಿದರೆ, ಏನಿಲ್ಲ.

ಕ್ಲಬ್ಬಿನ ಸ್ಪರ್ಧೆಗೆ ಕೊಂಡೊಯ್ದೆವು.
ತೀರ್ಪುಗಾರ ಭೂತಗನ್ನಡಿ ಹಿಡಿದು
ಎಡಮಗ್ಗುಲನ್ನು ತುಂಬಾ ಹೊತ್ತು ನೋಡಿದ,
ತಲೆದೂಗಿದ, ತಿರುಗಿಸಿದ.
ಬಲಗಡೆ ಹಿಂಬಾಗಿಲು ಇದ್ದಲ್ಲೇ ಇತ್ತು.
ಹಿಡಿಕೆ, ಗೆರೆ, ಎಲ್ಲ.
ಚೀಟಿಯಲ್ಲಿ ಬರೆದ: ಅಪೂರ್ಣ.

ವಾಪಸು ಬರುವಾಗ ನನ್ನ ಮಗ ಕಿಯಾನನ್,
ತೊಡೆಯ ಮೇಲೆ ಕಾರು ಇಟ್ಟುಕೊಂಡು:
‘ಓಪಾ, ಈ ಕಡೆ ಬಾಗಿಲೇ ಇಲ್ಲವಲ್ಲ,
ಹಿಂದೆ ಕೂರೋರು ಹತ್ತೋದು ಹೇಗೆ?’

‘ವುಯಾನಿಯ ಕಡೆಯಿಂದ’ ಅಂದ ಅಪ್ಪ.
‘ಅದು ಅವನ ಬಾಗಿಲು.
ಅವನನ್ನ ಕೇಳದೆ ಹೇಗೆ ಮುಚ್ಚಲಿ?’

ಮತ್ತೆ, ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ತಿರುಗಿ:
‘ಅವನ ಮನೆ ಎಲ್ಲಿ ಅಂತ ಯಾರನ್ನ ಕೇಳಬಹುದು?’